‘ಹತ್ತು ವರ್ಷ ಮಿಲಿಟರಿ ಬರಲಿ’ ಅನ್ನುವ ಮೊದಲು

ಪರೀಕ್ಷೆ ಎರಡನೇ ಸಲ ಮುಂದೂಡಿದ ಸುದ್ದಿ ಬಂದ ಸಂಜೆ, ಬೆಂಗಳೂರಿನ ವಿಜಯನಗರದಲ್ಲಿ ನಾವು ಓದುವ ಲೈಬ್ರರಿಯ ಪಕ್ಕದ ಟೀ ಅಂಗಡಿ ಮುಂದೆ ಏಳೆಂಟು ಜನ ನಿಂತಿದ್ದೆವು. ಒಬ್ಬನಿಗೆ ವಯೋಮಿತಿ ಮುಗಿಯಲು ನಾಲ್ಕೇ ತಿಂಗಳಿತ್ತು. ಇನ್ನೊಬ್ಬ ರೂಮಿನ ಬಾಡಿಗೆಗೆ ಮನೆಯಲ್ಲಿ ದುಡ್ಡು ಕೇಳಲು ನಾಚಿಕೆಯಾಗಿ ರಾತ್ರಿ ಹೊತ್ತು ಫುಡ್ ಡೆಲಿವರಿ ಮಾಡುತ್ತಿದ್ದ. ಬೈಯುವುದನ್ನೆಲ್ಲ ಬೈದಾದ ಮೇಲೆ ಎಂದಿನಂತೆ ಆ ಮಾತು ಬಂತು: ‘ಈ ದೇಶಕ್ಕೆ ಒಂದ್ ಹತ್ತು ವರ್ಷ ಮಿಲಿಟರಿ ಬರ್ಬೇಕು ಕಣ್ರೋ. ಎಲ್ಲಾ ನೆಟ್ಟಗಾಗುತ್ತೆ.’ ಎಲ್ಲರೂ ತಲೆಯಾಡಿಸಿದರು.

ನಾನು ಮಾತಾಡಲಿಲ್ಲ. ಯಾಕೆಂದರೆ 2018ರಲ್ಲಿ, ಮೈಸೂರಿನ ಹಾಸ್ಟೆಲ್ ಮೆಸ್ಸಿನಲ್ಲಿ ಕೂತು ಇದೇ ಮಾತನ್ನು ನಾನೇ ಆಡಿದ್ದೆ. ಆಗ ಎದುರಿಗೆ ಕೂತು ಚಪಾತಿ ತಿನ್ನುತ್ತಿದ್ದವನು ಸುಡಾನ್ ದೇಶದ ಹುಡುಗ. ಫಾರ್ಮಸಿ ಓದಲು ಬಂದಿದ್ದ. ಅವನಿಗೆ ಕೋಪ ಬರಲಿಲ್ಲ. ‘ಹತ್ತು ವರ್ಷ ಅಂತೀಯಲ್ಲ, ಲೆಕ್ಕ ಇಡೋರು ಯಾರು?’ ಎಂದು ಕೇಳಿದ. ಆಮೇಲೆ ನಕ್ಕು, ‘ನನಗೆ ಇಪ್ಪತ್ಮೂರು ವರ್ಷ. ಇನ್ನೊಬ್ಬ ಅಧ್ಯಕ್ಷನನ್ನು ನಾನು ಕಂಡೇ ಇಲ್ಲ’ ಅಂದ.

ಅವನು ಹೇಳಿದ್ದು ಒಮರ್ ಅಲ್ ಬಶೀರ್ ಬಗ್ಗೆ. ಆವತ್ತಿನವರೆಗೆ ಸುಡಾನ್ ನನಗೆ ಆಫ್ರಿಕಾ ಭೂಪಟದ ಒಂದು ದೊಡ್ಡ ತುಂಡು, ‘ರಾಜಧಾನಿ ಖಾರ್ಟೂಮ್’ ಎಂಬ ಒಂದು ಅಂಕದ ಪ್ರಶ್ನೆ, ಅಷ್ಟೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಟೀ ಅಂಗಡಿಯ ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸುಡಾನ್ ಜನರಿಗೆ ಪ್ರಜಾಪ್ರಭುತ್ವ ಗೊತ್ತಿರಲಿಲ್ಲ, ಅದಕ್ಕೇ ಹಾಗಾಯಿತು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅದು ಸುಳ್ಳು. ನಮ್ಮ ಮೊದಲ ಮಹಾಚುನಾವಣೆ ನಡೆಸಿದ ಸುಕುಮಾರ್ ಸೇನ್ ಅವರೇ 1953ರಲ್ಲಿ ಸುಡಾನ್‌ಗೆ ಹೋಗಿ ಅಲ್ಲಿನ ಮೊದಲ ಸಂಸತ್ ಚುನಾವಣೆಯ ಆಯೋಗದ ಅಧ್ಯಕ್ಷರಾಗಿದ್ದರು. ಸ್ವಾತಂತ್ರ್ಯ ಬಂದದ್ದು 1956ರಲ್ಲಿ. ಅಲ್ಲಿನ ಜನ 1964ರಲ್ಲಿ ಒಬ್ಬ ಸೇನಾ ಆಡಳಿತಗಾರನನ್ನೂ 1985ರಲ್ಲಿ ಇನ್ನೊಬ್ಬನನ್ನೂ ಬೀದಿಗಿಳಿದು ಇಳಿಸಿದವರು. 1986ರಲ್ಲಿ ಚುನಾವಣೆ ನಡೆದು ಸಾದಿಕ್ ಅಲ್ ಮಹ್ದಿ ಪ್ರಧಾನಿಯಾದರು.

ಆದರೆ ಆ ಸರ್ಕಾರ ಸೊರಗಿತ್ತು. ಮಿತ್ರಪಕ್ಷಗಳ ಜಗಳ, ಬ್ರೆಡ್ಡಿಗೆ ಸಾಲು, ಕರೆಂಟಿಲ್ಲ, ದಕ್ಷಿಣದಲ್ಲಿ 1983ರಿಂದ ನಡೆಯುತ್ತಿದ್ದ ಅಂತರ್ಯುದ್ಧ. ‘ಈ ರಾಜಕಾರಣಿಗಳಿಂದ ಏನೂ ಆಗಲ್ಲ’ ಎಂಬ ಬೇಸರ ಅಲ್ಲಿಯೂ ಇತ್ತು. 1989ರ ಜೂನ್ 30ರ ಬೆಳಿಗ್ಗೆ ಬ್ರಿಗೇಡಿಯರ್ ಬಶೀರ್ ರೇಡಿಯೊದಲ್ಲಿ ಮಾತಾಡಿದಾಗ ಪ್ರತಿರೋಧ ಅಂಥದ್ದೇನೂ ಕಾಣಲಿಲ್ಲ. ಖಾರ್ಟೂಮ್‌ನ ಉತ್ತರಕ್ಕಿರುವ ಒಂದು ಹಳ್ಳಿಯಲ್ಲಿ 1944ರಲ್ಲಿ ಹುಟ್ಟಿದವನು, ಪ್ಯಾರಾಟ್ರೂಪರ್, ದಕ್ಷಿಣದ ಯುದ್ಧರಂಗ ಕಂಡವನು. ಕೊಳೆತ ಪಕ್ಷಗಳಿಂದ ದೇಶವನ್ನು ಬಿಡಿಸಲು ಬಂದಿದ್ದೇವೆ ಎಂದ. ಆ ಕ್ರಾಂತಿಗೆ ಇಟ್ಟ ಹೆಸರೇ ‘ಇನ್ಕಾಜ್’. ಅಂದರೆ ಉದ್ಧಾರ.

ಸಂವಿಧಾನ ಅಮಾನತು, ಸಂಸತ್ತು ವಿಸರ್ಜನೆ, ಪಕ್ಷಗಳೂ ಕಾರ್ಮಿಕ ಸಂಘಗಳೂ ನಿಷೇಧ, ಪತ್ರಿಕೆಗಳು ಬಂದ್. ಇದೆಲ್ಲ ಯಾವ ಸರ್ವಾಧಿಕಾರಿಯ ಕಥೆಯಲ್ಲೂ ಬರುವುದೇ. ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆ. ಹಸನ್ ಅಲ್ ತುರಾಬಿ ಎಂಬ ರಾಜಕಾರಣಿ ಇದ್ದರು. ಪ್ಯಾರಿಸ್‌ನಲ್ಲಿ ಕಾನೂನು ಓದಿದ ಪಂಡಿತ, ನ್ಯಾಷನಲ್ ಇಸ್ಲಾಮಿಕ್ ಫ್ರಂಟ್ ಎಂಬ ಪಕ್ಷದ ನಾಯಕ. ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಮೂರನೇ ಸ್ಥಾನ ಬಂದಿತ್ತು. ಈ ದಂಗೆಯ ಯೋಜನೆ ಅವರದ್ದೇ. ಆದರೆ ಅದು ಯಾರಿಗೂ ಗೊತ್ತಾಗಬಾರದಲ್ಲ? ಅದಕ್ಕೆ, ನೀನು ಅಧ್ಯಕ್ಷನಾಗಿ ಅರಮನೆಗೆ ಹೋಗು, ನಾನು ಕೈದಿಯಾಗಿ ಜೈಲಿಗೆ ಹೋಗುತ್ತೇನೆ ಎಂಬ ಒಪ್ಪಂದವಾಯಿತು. ಉಳಿದ ನಾಯಕರ ಜೊತೆ ತುರಾಬಿಯನ್ನೂ ಕೋಬರ್ ಜೈಲಿಗೆ ಹಾಕಿದರು. ಮುಂದೆ ಇಬ್ಬರಿಗೂ ಕೆಟ್ಟ ಮೇಲೆ ತುರಾಬಿಯವರೇ ಇದನ್ನು ಬಾಯಿಬಿಟ್ಟರು. ನಾಟಕ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಬಶೀರ್ ತಮ್ಮ ಕಡೆಯವನೇ ಎಂದು ನಂಬಿ ಪಕ್ಕದ ಈಜಿಪ್ಟ್ ಎಲ್ಲರಿಗಿಂತ ಮೊದಲು ಮಾನ್ಯತೆ ಕೊಟ್ಟಿತು.

ಅಂದರೆ ‘ರಾಜಕಾರಣಿಗಳು ಬೇಡ, ಸೈನಿಕರು ಬರಲಿ’ ಎಂದುಕೊಂಡ ಜನರಿಗೆ ಸಿಕ್ಕಿದ್ದು ಸಮವಸ್ತ್ರ ಹಾಕಿಕೊಂಡ ಒಂದು ಪಕ್ಷ. ಅದೂ ಚುನಾವಣೆಯಲ್ಲಿ ಗೆಲ್ಲಲಾಗದ ಪಕ್ಷ.

ಈಗ ನಮ್ಮಂಥವರಿಗೆ ಸಂಬಂಧಪಟ್ಟ ಭಾಗಕ್ಕೆ ಬರುತ್ತೇನೆ. ಸರ್ವಾಧಿಕಾರಿ ಅಂದಕೂಡಲೇ ನಮಗೆ ನೆನಪಾಗುವುದು ಟ್ಯಾಂಕು, ಬಂದೂಕು, ಜೈಲು. ಮೂವತ್ತು ವರ್ಷ ಬರೀ ಬಂದೂಕಿನಿಂದ ಆಳಲು ಆಗುವುದಿಲ್ಲ. ಬಶೀರ್ ಆಳಿದ್ದು ನೇಮಕಾತಿ ಆದೇಶಗಳಿಂದ. ಅರಬಿಯಲ್ಲಿ ಅದಕ್ಕೆ ‘ತಮ್ಕೀನ್’ ಎನ್ನುತ್ತಾರೆ, ಬೇರೂರಿಸುವುದು ಎಂಬರ್ಥದ ಪದ. ಅದರ ಕೆಲಸ ಹೀಗೆ: ಮೊದಲು ಸರ್ಕಾರಿ ನೌಕರರಿಗೆ ಒಂದು ಪತ್ರ ಬರುತ್ತದೆ. ‘ಸಾರ್ವಜನಿಕ ಹಿತದೃಷ್ಟಿಯಿಂದ’ ನಿಮ್ಮನ್ನು ಸೇವೆಯಿಂದ ತೆಗೆಯಲಾಗಿದೆ. ವಿಚಾರಣೆ ಇಲ್ಲ, ಆರೋಪ ಇಲ್ಲ, ಅಪೀಲು ಇಲ್ಲ. ನ್ಯಾಯಾಧೀಶರು, ಎಂಜಿನಿಯರ್‌ಗಳು, ಪ್ರಾಧ್ಯಾಪಕರು, ರಾಜತಾಂತ್ರಿಕರು, ಸೇನಾಧಿಕಾರಿಗಳು, ಸಾವಿರಾರು ಜನ ಹೀಗೆ ಮನೆಗೆ ಹೋದರು. ಖಾಲಿಯಾದ ಕುರ್ಚಿಯಲ್ಲಿ ಪಕ್ಷದವನು ಕೂತ. ಅವನ ಕೈಕೆಳಗಿನ ಹುದ್ದೆಗೆ ಅವನ ಪೈಕಿಯವನು ಬಂದ. ಬ್ಯಾಂಕ್ ಸಾಲ, ಆಮದು ಲೈಸೆನ್ಸು, ಗುತ್ತಿಗೆ ಎಲ್ಲವೂ ಅದೇ ದಾರಿಯಲ್ಲಿ ಹೋದವು.

ನನ್ನ ಗೆಳೆಯನ ತಂದೆಗೂ ಅಂಥ ಪತ್ರ ಬಂದಿತ್ತು. ನೀರಾವರಿ ಇಲಾಖೆಯ ಎಂಜಿನಿಯರ್ ಅವರು. ಅವರ ಜಾಗಕ್ಕೆ ಬಂದವನಿಗೆ ಕಾಲುವೆಯ ಲೆಕ್ಕ ಗೊತ್ತಿರಲಿಲ್ಲವಂತೆ. ‘ಅಪ್ಪನ ಸಿಟ್ಟು ಕೆಲಸ ಹೋಗಿದ್ದಕ್ಕಲ್ಲ. ಆ ಮನುಷ್ಯ ಸಂಜೆ ಹೊತ್ತು ಮನೆಗೆ ಬಂದು ಅನುಮಾನ ಕೇಳುತ್ತಿದ್ದ. ಅಪ್ಪ ಹೇಳಿಕೊಡುತ್ತಿದ್ದರು. ಆ ಕಾಲುವೆ ಕೆಳಗೆ ಹೊಲಗಳಿದ್ದವಲ್ಲ’ ಎಂದು ಗೆಳೆಯ ಹೇಳಿದ್ದ. ಕೆಪಿಎಸ್‌ಸಿ ಪುಸ್ತಕದಲ್ಲಿ ‘ಆಡಳಿತದ ತಾಟಸ್ಥ್ಯ’ ಎಂಬ ಅಧ್ಯಾಯ ಬಂದಾಗಲೆಲ್ಲ ನನಗೆ ನೆನಪಾಗುವುದು ಆ ತಂದೆ.

ಎದುರು ಮಾತಾಡಿದವರ ಗತಿ ಏನು? ವೈದ್ಯರು 1989ರ ನವೆಂಬರ್‌ನಲ್ಲಿ ಮುಷ್ಕರ ಮಾಡಿದರು. ಅವರ ಸಂಘದ ಮುಖ್ಯಸ್ಥರಿಗೆ ಮರಣದಂಡನೆ ವಿಧಿಸಿದರು. ಅದು ಜಾರಿಯಾಗಲಿಲ್ಲ, ಅವರು ಬದುಕಿಕೊಂಡರು. ಆದರೆ ಮರು ವರ್ಷದ ಏಪ್ರಿಲ್‌ನಲ್ಲಿ ಅಲಿ ಫದ್ಲ್ ಎಂಬ ವೈದ್ಯ ಬಂಧನದಲ್ಲೇ ಚಿತ್ರಹಿಂಸೆಯಿಂದ ಸತ್ತರು. ಅದೇ ತಿಂಗಳು, ರಂಜಾನ್ ಉಪವಾಸದ ದಿನಗಳಲ್ಲಿ, ದಂಗೆಗೆ ಯತ್ನಿಸಿದರೆಂದು 28 ಸೇನಾಧಿಕಾರಿಗಳನ್ನು ಗುಂಡಿಟ್ಟು ಕೊಂದರು. ಗುಪ್ತ ಬಂಧನ ಕೇಂದ್ರಗಳಿಗೆ ಜನ ‘ದೆವ್ವದ ಮನೆ’ ಎಂದು ಹೆಸರಿಟ್ಟಿದ್ದರು. ಹೊರಗಿನಿಂದ ನೋಡಿದರೆ ಯಾವುದೋ ಬಡಾವಣೆಯ ಸಾಮಾನ್ಯ ಮನೆ.

1989ರ ಡಿಸೆಂಬರ್‌ನ ಒಂದು ಘಟನೆಯನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಮನೆಯ ತಿಜೋರಿಯಲ್ಲಿ ವಿದೇಶಿ ಕರೆನ್ಸಿ ಇಟ್ಟುಕೊಂಡಿದ್ದಾನೆ ಎಂದು ಒಬ್ಬ ಯುವಕನನ್ನು ಹಿಡಿದರು. ಅದು ಮನೆತನದ ಹಣ ಎಂದು ಕುಟುಂಬದವರು ಬೇಡಿಕೊಂಡರು. ಆತನನ್ನು ಗಲ್ಲಿಗೇರಿಸಿದರು. ಆಗ ನಮ್ಮಂಥವರು ಯಾರಾದರೂ ‘ಭೇಷ್, ಕಾಳಧನಿಕರಿಗೆ ಹೀಗೇ ಆಗಬೇಕು’ ಎಂದು ಚಪ್ಪಾಳೆ ತಟ್ಟಿರಲಿಕ್ಕೂ ಸಾಕು.

ವಿದ್ಯಾರ್ಥಿಗಳ ಮಾತು ಹೇಳದಿದ್ದರೆ ಹೇಗೆ? ತೊಂಬತ್ತರ ದಶಕದಲ್ಲಿ ಬಶೀರ್ ಸರ್ಕಾರ ಸಾಲುಸಾಲಾಗಿ ಹೊಸ ವಿಶ್ವವಿದ್ಯಾಲಯಗಳನ್ನು ತೆರೆಯಿತು. ಪತ್ರಿಕೆಯಲ್ಲಿ ಓದಲು ಚೆಂದದ ಸುದ್ದಿ. ಆದರೆ ಪ್ರಾಧ್ಯಾಪಕರಲ್ಲಿ ಎಷ್ಟೋ ಜನರನ್ನು ಓಡಿಸಿಯಾಗಿತ್ತು, ಹಳೆಯ ವಿಶ್ವವಿದ್ಯಾಲಯದ ಹಾಸ್ಟೆಲ್ ಊಟ, ವಸತಿ ಸೌಲಭ್ಯ ಕಿತ್ತುಕೊಂಡಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಪಿಯುಸಿ ಮಟ್ಟದ ಓದು ಮುಗಿಸಿದ ಹುಡುಗರು ಕಾಲೇಜಿಗೆ ಸೇರಬೇಕಾದರೆ ಮೊದಲು ಸೈನಿಕ ಶಿಬಿರಕ್ಕೆ ಹೋಗಬೇಕು ಎಂಬ ನಿಯಮ ಬಂತು. ದಕ್ಷಿಣದ ಯುದ್ಧಕ್ಕೆ ಆಳು ಬೇಕಿತ್ತು. 1998ರ ಏಪ್ರಿಲ್‌ನಲ್ಲಿ ಖಾರ್ಟೂಮ್ ಹತ್ತಿರದ ಐಲಾಫೂನ್ ಶಿಬಿರದ ಹುಡುಗರು ಬಕ್ರೀದ್‌ಗೆ ಮನೆಗೆ ಹೋಗುತ್ತೇವೆ ಎಂದು ರಜೆ ಕೇಳಿದರು. ಕೊಡಲಿಲ್ಲ. ತಪ್ಪಿಸಿಕೊಂಡು ಹೊರಟವರ ಮೇಲೆ ಕಾವಲಿನವರು ಗುಂಡು ಹಾರಿಸಿದರು. ನದಿ ದಾಟಲು ಹುಡುಗರು ತುಂಬಿಕೊಂಡಿದ್ದ ದೋಣಿ ನೀಲ ನೈಲ್‌ನಲ್ಲಿ ಮಗುಚಿತು. ಹತ್ತಾರು ಹುಡುಗರು ಸತ್ತರು. ಎಲ್ಲ ಹದಿನೆಂಟು, ಹತ್ತೊಂಬತ್ತರ ಆಸುಪಾಸಿನವರು. ಹಬ್ಬಕ್ಕೆ ಮನೆಗೆ ಹೋಗಬೇಕು ಎನ್ನುವುದು ಅವರ ಅಪರಾಧ.

ಇಷ್ಟು ಕೇಳಿದ ಮೇಲೂ ಟೀ ಅಂಗಡಿಯವನು ಒಂದು ಪ್ರಶ್ನೆ ಎತ್ತಬಹುದು: ‘ಆದ್ರೂ ಡೆವಲಪ್‌ಮೆಂಟ್ ಆಯ್ತಲ್ವಾ?’ ಆಯಿತು, ಇಲ್ಲ ಎನ್ನಲಾರೆ. 1999ರಲ್ಲಿ ದಕ್ಷಿಣದ ಕಡೆಯ ತೈಲಬಾವಿಗಳಿಂದ ಕೆಂಪು ಸಮುದ್ರದ ಪೋರ್ಟ್ ಸುಡಾನ್‌ವರೆಗೆ ಸುಮಾರು 1,600 ಕಿಲೊಮೀಟರ್ ಪೈಪ್‌ಲೈನ್ ಹಾದು, ಎಣ್ಣೆ ರಫ್ತು ಶುರುವಾಯಿತು. ಅದೇ ವರ್ಷದ ಕೊನೆಗೆ ಬಶೀರ್ ಗುರು ತುರಾಬಿಯನ್ನು ಪಕ್ಕಕ್ಕೆ ತಳ್ಳಿ, ಸಂಸತ್ತು ವಿಸರ್ಜಿಸಿ, ತಾನೇ ಎಲ್ಲ ಎಂದು ನಿಂತ. ಹಣ ಬಂತು. ಖಾರ್ಟೂಮ್‌ನಲ್ಲಿ ಸೇತುವೆ, ಗಾಜಿನ ಕಟ್ಟಡ ಎದ್ದವು. ನೈಲ್ ನದಿಗೆ 1,250 ಮೆಗಾವಾಟ್‌ನ ಮೆರೊವೆ ಅಣೆಕಟ್ಟು ಬಂತು.

ಈ ಎಣ್ಣೆಯ ಕಥೆ ನಮ್ಮ ಮನೆ ಬಾಗಿಲಿಗೂ ಬಂದಿದೆ. ನಾನು ಸುರತ್ಕಲ್ ಕಡೆಯವನು. 2003ರಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಕಂಪನಿ ಸುಡಾನ್‌ನ ಗ್ರೇಟರ್ ನೈಲ್ ತೈಲ ಯೋಜನೆಯಲ್ಲಿ ಶೇ 25 ಪಾಲು ಕೊಂಡಿತು. ಕೆನಡಾದ ಕಂಪನಿಯೊಂದು ಮಾನವ ಹಕ್ಕು ಸಂಘಟನೆಗಳ ಒತ್ತಡ ತಾಳಲಾಗದೆ ಮಾರಿಹೋದ ಪಾಲು ಅದು. ಅದೇ ವರ್ಷ ಸುಡಾನ್‌ನ ಕಚ್ಚಾತೈಲ ಹೊತ್ತ ಹಡಗು ನವಮಂಗಳೂರು ಬಂದರಿಗೆ ಬಂತು, ಎಂಆರ್‌ಪಿಎಲ್‌ನಲ್ಲಿ ಸಂಸ್ಕರಣೆಯಾಯಿತು. ಆಗ ನಾನು ಪುಟ್ಟ ಹುಡುಗ, ಅಪ್ಪನ ಸ್ಕೂಟರಿನ ಮುಂದೆ ನಿಂತು ಹೋಗುತ್ತಿದ್ದೆ. ಆ ಬಾವಿಗಳ ಸುತ್ತಲಿನ ಹಳ್ಳಿಗಳನ್ನು ಸೇನೆ ಮತ್ತು ಅದರ ಬೆಂಬಲದ ಪಡೆಗಳು ಸುಟ್ಟು ಜನರನ್ನು ಓಡಿಸಿದ್ದರ ಬಗ್ಗೆ ದೊಡ್ಡವನಾದ ಮೇಲೆ ಓದಿದೆ. ನಾವು ತಪ್ಪಿತಸ್ಥರು ಎಂದು ಹೇಳುತ್ತಿಲ್ಲ. ದೂರದ ದೇಶದ ಸರ್ವಾಧಿಕಾರಿಗೂ ನಮಗೂ ಏನು ಸಂಬಂಧ ಎಂದು ಕೇಳುವವರಿಗೆ ಈ ಮಾತು.

ಆದರೆ ಎಣ್ಣೆ ಹಣದಿಂದ ಕಟ್ಟಿದ್ದು ಎಷ್ಟು ದಿನ ನಿಂತಿತು? ಎರಡು ದಶಕಗಳ ಅಂತರ್ಯುದ್ಧದಲ್ಲಿ ಸುಮಾರು 20 ಲಕ್ಷ ಜನ ಸತ್ತ ಮೇಲೆ 2005ರಲ್ಲಿ ಶಾಂತಿ ಒಪ್ಪಂದವಾಯಿತು. 2011ರ ಜನವರಿಯ ಜನಮತಗಣನೆಯಲ್ಲಿ ದಕ್ಷಿಣದ ಶೇ 98ಕ್ಕೂ ಹೆಚ್ಚು ಜನ ಬಶೀರ್‌ನ ದೇಶದಲ್ಲಿ ಇರುವುದಿಲ್ಲ ಎಂದರು. ದಕ್ಷಿಣ ಸುಡಾನ್ ಬೇರೆ ದೇಶವಾಯಿತು. ಎಣ್ಣೆಯ ಮುಕ್ಕಾಲು ಭಾಗ ಅದರೊಂದಿಗೆ ಹೋಯಿತು. ದೇಶ ಒಡೆಯಬಾರದೆಂದು ಬಂದ ಗಟ್ಟಿ ನಾಯಕನ ಕಾಲದಲ್ಲೇ ದೇಶ ಎರಡಾಯಿತು.

ಪಶ್ಚಿಮದ ದಾರ್ಫುರ್‌ನ ಕಥೆ ಇನ್ನೂ ಕೆಟ್ಟದ್ದು. 2003ರಲ್ಲಿ ಅಲ್ಲಿ ಬಂಡಾಯ ಎದ್ದಾಗ ಬಶೀರ್ ತನ್ನ ಸೇನೆಯನ್ನೇ ಪೂರ್ತಿ ನಂಬಲಿಲ್ಲ. ಕುದುರೆ, ಒಂಟೆಗಳ ಮೇಲೆ ಬಂದು ಹಳ್ಳಿ ಸುಡುವ ‘ಜಂಜವೀದ್’ ಎಂಬ ಗುಂಪುಗಳಿಗೆ ಬಂದೂಕು ಕೊಟ್ಟ. ಸುಮಾರು 3 ಲಕ್ಷ ಜನ ಸತ್ತರು ಎಂಬುದು ವಿಶ್ವಸಂಸ್ಥೆಯ ಅಂದಾಜು. ಅಧಿಕಾರದಲ್ಲಿದ್ದಾಗಲೇ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಿಂದ ಬಂಧನ ವಾರಂಟ್ ಪಡೆದ ಮೊದಲ ರಾಷ್ಟ್ರಾಧ್ಯಕ್ಷ ಬಶೀರ್. ವಾರಂಟ್ ಬಂದದ್ದು 2009ರ ಮಾರ್ಚ್ 4ಕ್ಕೆ, ಮೆರೊವೆ ಅಣೆಕಟ್ಟನ್ನು ಉದ್ಘಾಟಿಸಿದ ಮರುದಿನ. ಅದರಿಂದ ಆತನ ಓಡಾಟವೇನೂ ನಿಲ್ಲಲಿಲ್ಲ. ರ‍್ಯಾಲಿಗಳಲ್ಲಿ ಬೆತ್ತ ಎತ್ತಿ ಕುಣಿಯುತ್ತಿದ್ದ. 2015ರ ಚುನಾವಣೆಯಲ್ಲಿ ಶೇ 94 ಮತ ಬಂತು ಎಂದು ಘೋಷಿಸಿಕೊಂಡ. ಆ ವರ್ಷದ ಅಕ್ಟೋಬರ್‌ನಲ್ಲಿ ಆಫ್ರಿಕಾ ಶೃಂಗಸಭೆಗೆಂದು ದೆಹಲಿಗೂ ಬಂದುಹೋದ.

ಈ ಜಂಜವೀದ್ ಗುಂಪುಗಳಿಂದಲೇ 2013ರಲ್ಲಿ ಆರ್‌ಎಸ್‌ಎಫ್ ಎಂಬ ಅರೆಸೇನಾಪಡೆ ಹುಟ್ಟಿತು. ಅದರ ನಾಯಕ ಮೊಹಮದ್ ಹಮ್ದಾನ್ ದಗಾಲೊ, ಹಿಂದೆ ಒಂಟೆ ವ್ಯಾಪಾರಿ. ಎಲ್ಲರೂ ಕರೆಯುವುದು ‘ಹೆಮೆದ್ತಿ’ ಎಂದು. ಬಶೀರ್ ಆ ಹೆಸರನ್ನೇ ಸ್ವಲ್ಪ ತಿರುಗಿಸಿ, ‘ನನ್ನ ರಕ್ಷಣೆ’ ಎಂದು ಅರ್ಥ ಬರುವಂತೆ ಕರೆಯುತ್ತಿದ್ದ. ಸೇನೆ ತಿರುಗಿಬಿದ್ದರೆ ಆರ್‌ಎಸ್‌ಎಫ್, ಅದು ತಿರುಗಿಬಿದ್ದರೆ ಗುಪ್ತಚರ ಪಡೆ, ಹೀಗೆ ಒಂದಕ್ಕೊಂದು ಹಗೆಯಾಗಿ ಇಟ್ಟುಕೊಳ್ಳುವುದು ಆತನ ಲೆಕ್ಕಾಚಾರ. ಕೆಲಸವಿಲ್ಲದ ಹುಡುಗರಿಗೆ ಈ ಪಡೆಯೇ ಉದ್ಯೋಗ ವಿನಿಮಯ ಕೇಂದ್ರವಾಯಿತು. ಸೇರಿದರೆ ಸಂಬಳ, ಸೌದಿ, ಎಮಿರೇಟ್ಸ್ ಪರವಾಗಿ ಯೆಮನ್‌ಗೆ ಯುದ್ಧಕ್ಕೆ ಹೋದರೆ ಇನ್ನೂ ದೊಡ್ಡ ಸಂಬಳ. ಡಿಗ್ರಿ ಮಾಡಿದವರು ಖಾರ್ಟೂಮ್‌ನಲ್ಲಿ ಆಟೊ ಓಡಿಸುತ್ತಿದ್ದರು. ಆಟೊ ನಮ್ಮ ದೇಶದಿಂದ ಹೋದದ್ದು, ಅಲ್ಲಿ ಅದಕ್ಕೆ ‘ರಕ್ಷಾ’ ಎನ್ನುತ್ತಾರೆ. ‘ನಿಮ್ಮ ದೇಶದಿಂದ ನಮಗೆ ಬಂದ ಅತಿದೊಡ್ಡ ಉದ್ಯೋಗ ಯೋಜನೆ ಇದೇ’ ಎಂದು ಗೆಳೆಯ ತಮಾಷೆ ಮಾಡುತ್ತಿದ್ದ.

ಆ ಮೆಸ್ಸಿನ ಮಾತುಕತೆ ನಡೆದ ಕೆಲವೇ ತಿಂಗಳಿಗೆ, 2018ರ ಡಿಸೆಂಬರ್ 19ರಂದು, ಅತ್ಬರಾ ಊರಿನಲ್ಲಿ ಜನ ಬೀದಿಗಿಳಿದರು. ಅತ್ಬರಾ ನಮ್ಮ ಹುಬ್ಬಳ್ಳಿಯ ಹಾಗೆ ರೈಲ್ವೆ ಊರು, ಸುಡಾನ್‌ನ ಕಾರ್ಮಿಕ ಚಳವಳಿ ಹುಟ್ಟಿದ ಜಾಗ. ಒಂದು ಪೌಂಡಿಗೆ ಸಿಗುತ್ತಿದ್ದ ಬ್ರೆಡ್ಡಿಗೆ ಮೂರು ಪೌಂಡ್ ಆಗಿತ್ತು. ಹಣದುಬ್ಬರ ಶೇ 70ರ ಹತ್ತಿರವಿತ್ತು, ಎಟಿಎಂಗಳಲ್ಲಿ ನೋಟೇ ಇರಲಿಲ್ಲ. ಜನ ಆಡಳಿತ ಪಕ್ಷದ ಕಚೇರಿಗೆ ಬೆಂಕಿ ಇಟ್ಟರು.

ಈ ಹೋರಾಟವನ್ನು ಮುನ್ನಡೆಸಿದ್ದು ಯಾವ ಪಕ್ಷವೂ ಅಲ್ಲ. ವೈದ್ಯರು, ಶಿಕ್ಷಕರು, ವಕೀಲರು, ಪತ್ರಕರ್ತರು ಸೇರಿ ಕಟ್ಟಿಕೊಂಡಿದ್ದ ‘ಸುಡಾನೀಸ್ ಪ್ರೊಫೆಷನಲ್ಸ್ ಅಸೋಸಿಯೇಷನ್’. ಅವರು ಆ ತಿಂಗಳು ಸಂಸತ್ತಿಗೆ ಮೆರವಣಿಗೆ ಹೋಗಲು ತಯಾರಾಗಿದ್ದೇ ಕನಿಷ್ಠ ವೇತನ ಹೆಚ್ಚಿಸಿ ಎಂದು ಕೇಳಲು! ಅತ್ಬರಾ ಹೊತ್ತಿಕೊಂಡ ಮೇಲೆ ಬೇಡಿಕೆ ಬದಲಾಯಿತು. ಹೊಸ ಘೋಷಣೆ ಎರಡೇ ಶಬ್ದ, ‘ತಸ್ಕುತ್ ಬಸ್’. ನೀನು ಬಿದ್ದರೆ ಸಾಕು, ಅಷ್ಟೆ. ಮೂವತ್ತು ವರ್ಷ ಯಾವ ಸಂಬಳದಾರರನ್ನು ಪತ್ರ ಕಳಿಸಿ ಮನೆಗೆ ಅಟ್ಟಿದ್ದನೋ, ಅದೇ ವರ್ಗ ಆತನಿಗೆ ಪತ್ರ ಕಳಿಸಿತು ಎಂದು ನನಗನ್ನಿಸುತ್ತದೆ.

1985ರಲ್ಲಿ ಹಿಂದಿನ ಸರ್ವಾಧಿಕಾರಿ ಬಿದ್ದ ದಿನವನ್ನೇ ಆರಿಸಿಕೊಂಡು 2019ರ ಏಪ್ರಿಲ್ 6ರಂದು ಜನ ಸೇನಾ ಕೇಂದ್ರ ಕಚೇರಿಯ ಮುಂದೆ ಕೂತರು. ಬಿಳಿ ಸೀರೆಯಂಥ ಉಡುಗೆಯಲ್ಲಿ ಕಾರಿನ ಮೇಲೆ ನಿಂತು ಬೆರಳೆತ್ತಿ ಹಾಡುತ್ತಿದ್ದ ಅಲಾ ಸಾಲಾ ಎಂಬ 22ರ ವಿದ್ಯಾರ್ಥಿನಿಯ ಫೋಟೊ ನೀವೂ ನೋಡಿರುತ್ತೀರಿ. ಪ್ಯಾಂಟ್ ಹಾಕಿದ್ದಕ್ಕೆ ಹೆಣ್ಣುಮಕ್ಕಳಿಗೆ ಚಾಟಿ ಏಟು ಕೊಡುವ ಕಾನೂನಿದ್ದ ದೇಶದ ಫೋಟೊ ಅದು. ಏಪ್ರಿಲ್ 11ರಂದು ಸೇನೆಯೇ ಬಶೀರ್‌ನನ್ನು ಇಳಿಸಿತು. ‘ನನ್ನ ರಕ್ಷಣೆ’ ಎಂದು ಕರೆದಿದ್ದ ಹೆಮೆದ್ತಿಯೂ ಇಳಿಸಿದವರ ಜೊತೆಗಿದ್ದ. ಕೊಂಡೊಯ್ದು ಹಾಕಿದ್ದು ಕೋಬರ್ ಜೈಲಿಗೆ. ಮೂವತ್ತು ವರ್ಷದ ಹಿಂದೆ ತುರಾಬಿ ನಾಟಕಕ್ಕೆಂದು ಹೋಗಿದ್ದ ಜೈಲು. ಆವತ್ತು ರಾತ್ರಿ ನನ್ನ ಗೆಳೆಯ ಇಡೀ ಹಾಸ್ಟೆಲ್ಲಿಗೆ ಮೈಸೂರ್‌ಪಾಕ್ ಹಂಚಿದ.

ಬಶೀರ್ ಮನೆಯಲ್ಲಿ ಏನು ಸಿಕ್ಕಿತು ಗೊತ್ತೇ? ಸುಮಾರು 70 ಲಕ್ಷ ಯುರೊ, 3.5 ಲಕ್ಷ ಡಾಲರ್. ನಗದು. 2019ರ ಡಿಸೆಂಬರ್‌ನಲ್ಲಿ, ಆ ಯುವಕನನ್ನು ಗಲ್ಲಿಗೇರಿಸಿ ಸರಿಯಾಗಿ ಮೂವತ್ತು ವರ್ಷಕ್ಕೆ, ಭ್ರಷ್ಟಾಚಾರ ಮತ್ತು ಅಕ್ರಮವಾಗಿ ವಿದೇಶಿ ಕರೆನ್ಸಿ ಇಟ್ಟುಕೊಂಡ ಅಪರಾಧಕ್ಕೆ ಬಶೀರ್‌ಗೆ ಶಿಕ್ಷೆಯಾಯಿತು. ಎರಡು ವರ್ಷ, ಸುಧಾರಣಾ ಕೇಂದ್ರದಲ್ಲಿ. 70 ದಾಟಿದವರನ್ನು ಜೈಲಿಗೆ ಹಾಕುವಂತಿಲ್ಲ ಎಂದು ಕಾನೂನು ಹೇಳುತ್ತದಂತೆ. ಕಾನೂನು ಆತನಿಗೆ ಅಷ್ಟಾದರೂ ಉಳಿದಿತ್ತು.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯ ಸಿನಿಮಾ ಆಗುತ್ತಿತ್ತು. ಮನುಷ್ಯ ಹೋದ, ಆತ ನೆಟ್ಟದ್ದು ಹೋಗಲಿಲ್ಲ. ಜೂನ್ 3ರಂದು ಆರ್‌ಎಸ್‌ಎಫ್ ಆ ಧರಣಿಯ ಮೇಲೆ ಬಿದ್ದು ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ತಿಂಗಳಿಗೂ ಹೆಚ್ಚು ಕಾಲ ಇಂಟರ್‌ನೆಟ್ ಕಡಿದಿದ್ದರು. ಗೆಳೆಯ ಮನೆಯವರ ಮುಖ ಕಾಣದೆ ಹಾಸ್ಟೆಲ್ ಕಾರಿಡಾರಿನಲ್ಲಿ ಓಡಾಡುತ್ತಿದ್ದ. ಆಮೇಲೆ ಬಂದ ಮಧ್ಯಂತರ ಸರ್ಕಾರ ತಮ್ಕೀನ್ ಕಿತ್ತುಹಾಕಲೆಂದೇ ಒಂದು ಸಮಿತಿ ಮಾಡಿತು. ಅದು ಪಕ್ಷದವರ ಆಸ್ತಿ, ಹುದ್ದೆ ಹಿಂಪಡೆಯತೊಡಗಿತು. 2021ರ ಅಕ್ಟೋಬರ್ 25ರಂದು ಸೇನಾ ಮುಖ್ಯಸ್ಥ ಬುರ್ಹಾನ್ ಮತ್ತು ಹೆಮೆದ್ತಿ ಸೇರಿ ಸರ್ಕಾರವನ್ನೇ ಕೆಡವಿದರು. ಸಮಿತಿಯ ಕೆಲಸವೂ ಅಲ್ಲಿಗೆ ನಿಂತಿತು. ಮತ್ತೆ ಒಂದೂವರೆ ವರ್ಷಕ್ಕೆ, 2023ರ ಏಪ್ರಿಲ್ 15ರಂದು, ಅವರಿಬ್ಬರೇ ಪರಸ್ಪರ ಯುದ್ಧಕ್ಕೆ ಬಿದ್ದರು. ಬಶೀರ್ ತನ್ನ ಕುರ್ಚಿಯ ಕಾವಲಿಗೆ ಸಾಕಿದ್ದ ಎರಡು ಪಡೆಗಳು, ಕುರ್ಚಿ ಖಾಲಿಯಾದ ಮೇಲೆ ದೇಶವನ್ನೇ ಹರಿದುಕೊಳ್ಳುತ್ತಿವೆ. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟಿದ್ದಾರೆ.

ಆ ಏಪ್ರಿಲ್ ನಮಗೂ ನೆನಪಿರಬೇಕು. ನಮ್ಮಲ್ಲಿ ವಿಧಾನಸಭಾ ಚುನಾವಣೆಯ ಗದ್ದಲ. ಅಷ್ಟರಲ್ಲಿ ಶಿವಮೊಗ್ಗ, ದಾವಣಗೆರೆ, ಮೈಸೂರು ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ದಾರ್ಫುರ್‌ನ ಎಲ್ ಫಾಶರ್‌ನಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬ ಸುದ್ದಿ ಬಂತು. ಗಿಡಮೂಲಿಕೆ ಎಣ್ಣೆ ಮಾರಲು ಹೋದವರು. ಬಾಡಿಗೆ ಮನೆಯಲ್ಲಿ ನೀರಿಲ್ಲದೆ, ಗುಂಡಿನ ಸದ್ದಿನ ನಡುವೆ ಕೂತು ಅವರು ಕಳಿಸಿದ ವಿಡಿಯೊಗಳು ಟಿವಿಯಲ್ಲಿ ಬಂದವು. ನಮ್ಮ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಆಗ ಊರಿಗೆ ಮರಳಿದ್ದ ಗೆಳೆಯ ಓಮ್ದುರ್ಮಾನ್‌ನಿಂದ ಒಂದು ಮೆಸೇಜ್ ಹಾಕಿದ್ದ: ‘ಕಾವೇರಿ ಅಂದರೆ ನಾವು ಶ್ರೀರಂಗಪಟ್ಟಣದಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವಲ್ಲ, ಅದೇ ನದಿಯಾ?’ ಹೌದು ಎಂದೆ. ಅವನಿಗೆ ಆ ಹಡಗಿನಲ್ಲಿ ಜಾಗವಿರಲಿಲ್ಲ.

ಎಲ್ ಫಾಶರ್ 500 ದಿನಕ್ಕೂ ಹೆಚ್ಚು ಮುತ್ತಿಗೆಯಲ್ಲಿದ್ದು, 2025ರ ಅಕ್ಟೋಬರ್ 26ರಂದು ಆರ್‌ಎಸ್‌ಎಫ್ ಕೈಸೇರಿತು. ಆಮೇಲೆ ಬಂದ ಹತ್ಯಾಕಾಂಡದ ಸುದ್ದಿಗಳನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಇಪ್ಪತ್ತು ವರ್ಷದ ಹಿಂದೆ ಅದೇ ಪ್ರದೇಶದಲ್ಲಿ ಹಳ್ಳಿ ಸುಟ್ಟವರ ಮುಂದಿನ ರೂಪವೇ ಅದು.

ಇದನ್ನೆಲ್ಲ ಒಂದು ಭಾನುವಾರ ಟೀ ಅಂಗಡಿಯ ಗೆಳೆಯನಿಗೆ ಹೇಳಿದೆ. ಅವನು ಸುಮ್ಮನೆ ಒಪ್ಪುವವನಲ್ಲ. ‘ನಮ್ಮ ಸೇನೆ ಹಾಗಲ್ಲ’ ಅಂದ. ನಿಜ. ನಮ್ಮ ಸೇನೆ ಇಷ್ಟು ವರ್ಷ ರಾಜಕೀಯದಿಂದ ದೂರ ಉಳಿದಿದ್ದಕ್ಕೇ ಅದರ ಮೇಲೆ ಗೌರವವಿರುವುದು ಎಂದೆ. ‘ಹಾಗಾದ್ರೆ ಪೇಪರ್ ಲೀಕ್ ಆದ್ರೆ, ಪರೀಕ್ಷೆ ಮುಂದೆ ಹೋದ್ರೆ ಏನ್ ಮಾಡ್ಬೇಕು, ಸುಮ್ನಿರ್ಬೇಕಾ?’ ಎಂದ. ಇರಬೇಡ. ಕೋರ್ಟಿಗೆ ಹೋಗೋಣ, ಫ್ರೀಡಂ ಪಾರ್ಕಿನಲ್ಲಿ ಕೂರೋಣ, ಪತ್ರಿಕೆಗೆ ಬರೆಯೋಣ. ತಡವಾಗುತ್ತದೆ, ರೇಗುತ್ತದೆ, ನನಗೂ ವಯೋಮಿತಿ ಹತ್ತಿರ ಬಂದಿದೆ. ಆದರೆ ನಮ್ಮ ಪಟ್ಟಿಯಲ್ಲಿ ತಪ್ಪಾದರೆ ಪ್ರಶ್ನಿಸಲು ಒಂದು ಬಾಗಿಲಾದರೂ ಇದೆ. ಆ ನೀರಾವರಿ ಎಂಜಿನಿಯರ್‌ಗೆ ಬಂದ ಪತ್ರದ ಮೇಲೆ ಅಂಥದ್ದೊಂದು ವಿಳಾಸವೂ ಇರಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿನ್ನ ಆ ಫ್ರೆಂಡ್ ಈಗೆಲ್ಲಿದ್ದಾನೆ?’ ಎಂದು ಕೇಳಿದ. ಕೈರೋದಲ್ಲಿ. ಅಮ್ಮ, ತಂಗಿಯ ಜೊತೆ. ತಂದೆ ಅತ್ಬರಾದಲ್ಲೇ ಉಳಿದರು, ಬರುವುದಿಲ್ಲ ಎಂದರಂತೆ. ಗೆಳೆಯನಿಗೆ ಒಂದು ಔಷಧದ ಅಂಗಡಿಯಲ್ಲಿ ಕೆಲಸ ಸಿಗುವ ಹಾಗಿದೆ. ಆದರೆ ಓಮ್ದುರ್ಮಾನ್‌ನ ಮನೆ ಬಿಡುವಾಗ ಮಾರ್ಕ್ಸ್‌ಕಾರ್ಡ್‌ಗಳೆಲ್ಲ ಅಲ್ಲೇ ಉಳಿದವು. ಡುಪ್ಲಿಕೇಟ್ ತೆಗೆಸಿಕೊಡಲು ಆಗುತ್ತದಾ ಎಂದು ನನ್ನನ್ನು ಕೇಳಿದ್ದ. ಅವನು ಸಹಿ ಮಾಡಿ ಕಳಿಸಿದ ಅಧಿಕಾರಪತ್ರ ಹಿಡಿದು ಹೋದ ತಿಂಗಳು ಮೈಸೂರಿಗೆ ಹೋಗಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಬಂದಿದ್ದೇನೆ. ಬರುವ ಸೋಮವಾರ ಬನ್ನಿ ಎಂದಿದ್ದಾರೆ. ಬೆಳಗಿನ ರೈಲಿಗೆ ಹೊರಡಬೇಕು. ಟೀ ಅಂಗಡಿಯ ಗೆಳೆಯನೂ ಬರುತ್ತೇನೆ ಅಂದಿದ್ದಾನೆ. ಹೇಗೂ ಪರೀಕ್ಷೆ ಮುಂದೆ ಹೋಗಿದೆಯಲ್ಲ.